ಹಬಲ್‌ನ ಡೀಪ್ ಫೀಲ್ಡೋ, ವೆಬ್‌ನ ಜೇಡ್ಸೋ?

ದೂರದ ಗ್ಯಾಲಕ್ಸಿಗಳನ್ನು ನೋಡಲು ಯಾವುದರಿಂದ ಶುರು ಮಾಡಬೇಕು? ಮೊದಲ ಸಲವಾದರೆ ಹಬಲ್ ಬಾಹ್ಯಾಕಾಶ ದೂರದರ್ಶಕದ ಅಲ್ಟ್ರಾ ಡೀಪ್ ಫೀಲ್ಡ್ ಚಿತ್ರವೇ ಸರಿ. 2003-04ರಲ್ಲಿ ಆಕಾಶದ ಚೂರು ಜಾಗವನ್ನು ಸುಮಾರು 10 ಲಕ್ಷ ಸೆಕೆಂಡು ದಿಟ್ಟಿಸಿ ತೆಗೆದದ್ದು. ಅಷ್ಟರಲ್ಲೇ ಸುಮಾರು 10,000 ಗ್ಯಾಲಕ್ಸಿಗಳಿವೆ! ಬಣ್ಣ, ಆಕಾರ ಎಲ್ಲ ಚೆನ್ನಾಗಿ ಕಾಣುತ್ತವೆ.

ಬೆಳಕು ಬಂದು ತಲುಪಲು ಕಾಲ ಬೇಕಲ್ಲ, ಹಾಗಾಗಿ ದೂರ ಇದ್ದಷ್ಟೂ ಹಳೆಯ ಕಾಲದ ನೋಟ. ತೀರಾ ಹಳೆಯವೇ ಬೇಕಾದರೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಜೇಡ್ಸ್ (JADES) ಎಂಬ ಗ್ಯಾಲಕ್ಸಿ ಸಮೀಕ್ಷೆ ಆರಿಸಿ. ವಿಶ್ವ ಹಿಗ್ಗುತ್ತಿದೆ ಅಲ್ವಾ? ಹಾಗಾಗಿ ಅವುಗಳ ಬೆಳಕಿನ ಅಲೆ ಹಿಗ್ಗಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೆ ಜಾರಿರುತ್ತದೆ. ಹಬಲ್‌ಗೆ ಅದರಲ್ಲಿ ಸ್ವಲ್ಪವಷ್ಟೇ ಸಿಗುತ್ತದೆ. ವೆಬ್ ಅನ್ನು ಕಟ್ಟಿದ್ದೇ ಆ ಬೆಳಕಿಗಾಗಿ. 2024ರಲ್ಲಿ ಜೇಡ್ಸ್ ತಂಡ ಪ್ರಕಟಿಸಿದ ಒಂದು ಗ್ಯಾಲಕ್ಸಿ, ಮಹಾಸ್ಫೋಟವಾಗಿ (ಅಂದರೆ ವಿಶ್ವ ಹುಟ್ಟಿ) 30 ಕೋಟಿ ವರ್ಷ ತುಂಬುವ ಮೊದಲಿನದು. ಚಿತ್ರದಲ್ಲಿ ಮಾತ್ರ ಸಣ್ಣ ಚುಕ್ಕೆ. ಅದರ ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ, ಸ್ಪೆಕ್ಟ್ರಮ್) ಓದಲು ಬಂದರೆ ಖುಷಿ ಜಾಸ್ತಿ.

ಜೇಡ್ಸ್, ಹಬಲ್ ನೋಡಿದ ಆ ಜಾಗವನ್ನೂ ನೋಡಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.