ಬಾಡಿಗೆ ಬೀಕನ್ ಕಟ್ಟಿಕೊಳ್ಳುವ ಮೊದಲು ಸೆಲ್ಲಿನ ಮುಚ್ಚಳ ತೆಗೆದು ನೋಡಿ

ನಾನು ಬದಿಯಡ್ಕದ ಕಡೆಯವನು. ನಮ್ಮಲ್ಲಿ ಹಿಮ ಅಂದ್ರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟುವುದು ಅಷ್ಟೇ. ಆದರೂ ನನಗೂ ಭಾವನಿಗೂ ಸ್ಕೀ ಹುಚ್ಚು. ಅಡಿಕೆ ದುಡ್ಡಿನ ಒಂದು ಪಾಲು ಪ್ರತಿ ಚಳಿಗಾಲ ಗುಲ್ಮಾರ್ಗ್‌ಗೆ ಹೋಗುತ್ತದೆ. ಈ ಸಲ ನಮ್ಮ ಕಡೆಯ ಮೂವರು ಹುಡುಗರು ಹೊರಟಿದ್ದಾರೆ ಅಂತ ಗೊತ್ತಾಯಿತು. ಅದಕ್ಕೇ ಹೋದ ಫೆಬ್ರವರಿಯ ಕಥೆ ಬರೆಯುತ್ತಿದ್ದೇನೆ.

ಅಲ್ಲಿನ ಗೊಂಡೋಲಾದ (ತಂತಿಯ ಮೇಲೆ ಓಡುವ ಕೇಬಲ್ ಕಾರು) ಎರಡನೇ ಹಂತ ಅಫರ್ವಾಟ್ ಬೆಟ್ಟದಲ್ಲಿ 3,900 ಮೀಟರ್‌ಗಿಂತ ಮೇಲೆ ಬಿಡುತ್ತದೆ. ಅಲ್ಲಿ ಗಸ್ತಿನವರು ನೋಡಿಕೊಳ್ಳುವ ಜಾಗ ಬಿಟ್ಟು ಆಚೆ ಇಳಿದರೆ ನಿಮಗೆ ನೀವೇ ದಿಕ್ಕು. ಎರಡು ದಿನ ಹಿಮ ಸುರಿದಿತ್ತು, ಗಾಳಿಯೂ ಜೋರಿತ್ತು. ಹೊಸ ಹಿಮ, ಗಾಳಿ ತಂದು ಪೇರಿಸಿದ ರಾಶಿ, 30ರಿಂದ 45 ಡಿಗ್ರಿ ಇಳಿಜಾರು. ಮೂರೂ ಸೇರಿದರೆ ಹಿಮ ಕುಸಿಯಬಹುದು, ಅಲ್ಲಿಗೆ ಕಾಲಿಡಬಾರದು. ನಮಗೆ ಕಂಡದ್ದು ಮೂರನೇ ದಿನದ ಬಿಸಿಲು ಮಾತ್ರ. ಬೀಕನ್ (ಹಿಮದಡಿ ಹೂತವನ ಸಂಕೇತ ಹಿಡಿದು ಎಷ್ಟು ಮೀಟರ್ ದೂರ ಅಂತ ತೋರಿಸುವ ಯಂತ್ರ, ಎಲ್ಲರೂ ಒಂದೊಂದು ಕಟ್ಟಿಕೊಳ್ಳಬೇಕು), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಎಲ್ಲ ಬಾಡಿಗೆಯದ್ದು. ಅಂಗಡಿಯವ ಎದೆಗೆ ಬೀಕನ್ ಕಟ್ಟಿ "ಆನ್ ಇದೆ ಸಾರ್" ಅಂದ. ನಂಬಿದೆವು.

ಭಾವ ಮೊದಲು ಇಳಿದ. ಎರಡನೇ ತಿರುವಿನಲ್ಲಿ ಹಿಮದೊಳಗಿಂದ "ಧುಂ" ಅಂತ ಸದ್ದು, ಅಟ್ಟದ ಮೇಲೆ ಅಕ್ಕಿ ಮೂಟೆ ಹಾಕಿದ ಹಾಗೆ. ಅವನ ತಲೆಯ ಮೇಲ್ಗಡೆ ಒಂದು ಬಿರುಕು ಓಡಿತು. ಇಡೀ ಚಪ್ಪಡಿಯೇ ಜಾರಿತು. ಪುಡಿ ಹಿಮ ಇಳಿದು ಕಣ್ಣು ಕಾಣುವಾಗ ಭಾವ ಇಲ್ಲ.

ಬೀಕನ್ ಹುಡುಕುವ ಮೋಡ್‌ಗೆ ಹಾಕಿದೆ. ಅಂಕಿ ಕುಣಿಯುತ್ತಿದೆ: 40, 12, 35. ಅದು ಫೋಟೋಗೆ ಅಂತ ಎದೆಯ ಜೇಬಿನಲ್ಲಿಟ್ಟ ನನ್ನ ಫೋನಿನ ಕಿತಾಪತಿ. ಹುಡುಕುವಾಗ ಫೋನ್ ಅರ್ಧ ಮೀಟರ್ ದೂರ ಇರಬೇಕಂತೆ. ಭಾವನ ಬೀಕನ್ನಿನ ಸೆಲ್ ಸತ್ತೇ ಹೋಗಿತ್ತು, ಅದು ಆಮೇಲೆ ಗೊತ್ತಾಯಿತು. ಕೊನೆಗೆ ಕಂಡದ್ದು ನೀಲಿ ಕೈಗವಸಿನ ಎರಡು ಬೆರಳು.

ನಮ್ಮ ಮುರಕಲ್ಲು ನೆಲದೊಳಗೆ ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದಲ್ವಾ? ಜಾರಿ ನಿಂತ ಹಿಮವೂ ಹಾಗೆ. ಬೆಳಗ್ಗೆ ಹಿಟ್ಟಿನ ಹಾಗಿದ್ದದ್ದು ಕಲ್ಲು. ಪ್ಲಾಸ್ಟಿಕ್ ಸಲಿಕೆ ಎರಡನೇ ಏಟಿಗೇ ಸೀಳಿತು. ಆ ತುಂಡಿನಲ್ಲೇ ಕೆರೆದು ಮುಖ ಬಿಡಿಸಿದೆ. ಬಾಯಿ ತುಂಬ ಹಿಮ, ತುಟಿ ಕಪ್ಪಿಟ್ಟಿತ್ತು. ಕೆಮ್ಮಿ ಉಗಿದು ಅವನು ಮೊದಲು ಹೇಳಿದ್ದು, "ಕನ್ನಡಕ ಹೋಯ್ತು ಮಾರಾಯ."

ಐದಾರು ನಿಮಿಷ ಆಗಿರಬಹುದು. ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹೆಚ್ಚಿನವರು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಆಸೆ ಕಡಿಮೆ. ಕೆಳಗಿನಿಂದ ಜನ ಬರುವವರೆಗೆ ಕಾಯಲಿಕ್ಕಿಲ್ಲ, ಜೊತೆಗಿದ್ದವನೇ ಅಗೆಯಬೇಕು. ಕರೆಯೋಣ ಅಂದ್ರೂ ನನ್ನದು ಊರಿನ ಪ್ರೀಪೇಯ್ಡ್ ಸಿಮ್, ಕಾಶ್ಮೀರದಲ್ಲಿ ನಡೆಯುವುದಿಲ್ಲ. ಪೋಸ್ಟ್‌ಪೇಯ್ಡ್ ಇದ್ದದ್ದು ಭಾವನ ಹತ್ತಿರ, ಅದೂ ಹಿಮದಡಿ. 2023ರ ಫೆಬ್ರವರಿ 1ರಂದು ಇದೇ ಅಫರ್ವಾಟ್‌ನಲ್ಲಿ ಪೋಲೆಂಡಿನ ಇಬ್ಬರು ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದರು. ಅದನ್ನು ಓದಿಯೂ ಹೋಗಿದ್ದೆವು ನಾವು!

ಅಂಗಡಿಯವನ ಉತ್ತರ: "ನಿನ್ನೆ ಸರಿ ಇತ್ತಲ್ಲ?" ಅವನ ಜೊತೆ ಜಗಳಾಡಿ ಏನು ಪ್ರಯೋಜನ. ಹೊಸ ಆಲ್ಕಲೈನ್ ಸೆಲ್ ನೀವೇ ಹಾಕಿ. ಸಲಿಕೆ ಲೋಹದ್ದೇ ಇರಲಿ. ಹೊರಡುವ ಮೊದಲು ಒಬ್ಬ ಹುಡುಕುವ ಮೋಡ್‌ನಲ್ಲಿ ನಿಲ್ಲಲಿ, ಉಳಿದವರು ಒಬ್ಬೊಬ್ಬರಾಗಿ ಅವನೆದುರು ದಾಟಲಿ. ಎರಡು ನಿಮಿಷದ ಕೆಲಸ, ನಾವು ಮಾಡಿರಲಿಲ್ಲ.

ಈಗ ಸ್ವಂತದ್ದು ಎರಡು ಬೀಕನ್ ಇವೆ. ತೋಟದ ಸೋಗೆ ರಾಶಿಯೊಳಗೆ ಒಂದನ್ನು ಹುಗಿದು ಹುಡುಕುತ್ತೇವೆ. ಕೆಲಸದವರು ನಗುತ್ತಾರೆ. ಹೋದ ಭಾನುವಾರ ಭಾವನಿಗೆ ನಾಲ್ಕು ನಿಮಿಷ ಬೇಕಾಯಿತು, ನನಗೆ ಆರು. ಹೊರಟ ಹುಡುಗರು ಒಮ್ಮೆ ನಮ್ಮ ತೋಟಕ್ಕೆ ಬಂದು ಹೋಗಿ.