ಕೆ ಫ್ರೇಮ್ ರಿವಾಲ್ವರಿಗೆ ವಾಲ್ನಟ್ ಹಿಡಿ: ವರ್ಷಗಟ್ಟಲೆ ಬಳಸಿದ ಮೇಲೆ

ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ ಫ್ರೇಮ್, ಅಂದರೆ ಮಧ್ಯಮ ಗಾತ್ರದ ಉಕ್ಕಿನ ಮೈಯ ರಿವಾಲ್ವರಿನ ರಬ್ಬರ್ ಹಿಡಿ ಬಿಚ್ಚಿ ಮರದ್ದನ್ನು ಹಾಕುವವರು ಬಣ್ಣ, ಎಳೆಗಳ ಚಂದ ನೋಡಿ ಆರಿಸುತ್ತಾರೆ. ವರ್ಷಗಟ್ಟಲೆ ಬಳಸಿದ ಮೇಲೆ ತೊಂದರೆ ಕೊಡುವುದು ಮರವಲ್ಲ, ಅದು ಉಕ್ಕಿನ ಮೇಲೆ ಕೂತಿರುವ ರೀತಿ.

ಮೊದಲು ಬುಡ, ಅಂದರೆ ಹಿಡಿ ಕೂರುವ ಉಕ್ಕಿನ ಕೆಳತುದಿ ನೋಡಿ. ಜೆ, ಕೆ, ಎಲ್, ಎನ್ ಎಂಬವು ಈ ಕಂಪನಿಯ ಫ್ರೇಮ್ ಗಾತ್ರಗಳ ಹೆಸರು. ಕೆ ಮತ್ತು ಎಲ್ ಫ್ರೇಮ್‌ಗಳಿಗೆ ಒಂದೇ ಹಿಡಿ ಆಗುತ್ತದೆ. ಜೆ ಚಿಕ್ಕದು, ಎನ್‌ಗೆ ಎನ್ ಎಂದು ಬರೆದದ್ದನ್ನೇ ತರಿಸಿ. ಇದರ ಮೇಲೆ ದುಂಡು ಬುಡ, ಚೌಕ ಬುಡ ಎಂಬ ಭೇದ ಬೇರೆ. ದುಂಡು ಬುಡದ ಉಕ್ಕಿಗೆ ಚೌಕ ಆಕಾರದ ಹಿಡಿ ಸಿಗುತ್ತದೆ. ಚೌಕ ಬುಡಕ್ಕೆ ದುಂಡು ಹಿಡಿ ಹಾಕಿದರೆ ಉಕ್ಕಿನ ಮೂಲೆ ಹೊರಗೆ ಚಾಚುತ್ತದೆ. ಇನ್ನೊಂದು ಕಂಪನಿಯ ರಿವಾಲ್ವರ್ ರೂಗರ್ ಜಿಪಿ100ರಲ್ಲಿ ಹಿಡಿಯೊಳಗೆ ಪೂರ್ತಿ ಚೌಕಟ್ಟಿಲ್ಲ, ಗೂಟವಷ್ಟೇ ಇದೆ. ಅದರ ಲೆಕ್ಕವೇ ಬೇರೆ.

ಆಮೇಲೆ ಕೈ. ಡಬಲ್ ಆ್ಯಕ್ಷನ್‌ನಲ್ಲಿ, ಅಂದರೆ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆ) ಮೊದಲೇ ಹಿಂದೆ ಎಳೆಯದೆ ಟ್ರಿಗರಿನಿಂದಲೇ ಎಳೆಯುವವರಿಗೆ ತೋರುಬೆರಳಿನ ಮೊದಲ ಗೆಣ್ಣಿನ ಗೆರೆ ಟ್ರಿಗರ್ ಮೇಲೆ ಬರಬೇಕು. ಹಿಂಬದಿಯ ಉಕ್ಕನ್ನೂ ಮುಚ್ಚುವ ಹಿಡಿ ಒದೆತವನ್ನು ಅಂಗೈಗೆಲ್ಲ ಹಂಚುತ್ತದೆ, ಆದರೆ ಬೆರಳನ್ನು ಟ್ರಿಗರಿನಿಂದ ದೂರ ಮಾಡುತ್ತದೆ. ಚಿಕ್ಕ ಕೈಯವರಿಗೆ ಹಿಂಬದಿ ತೆರೆದದ್ದೇ ಸರಿ. ಟ್ರಿಗರ್ ಗಾರ್ಡಿನ ಹಿಂದಿನ ಸಂದನ್ನು ಮರ ತುಂಬಿರಲಿ. ಇಲ್ಲವಾದರೆ ಪ್ರತಿ ಗುಂಡಿಗೂ ನಡುಬೆರಳಿನ ಗೆಣ್ಣಿಗೆ ಗಾರ್ಡ್ ಬಡಿಯುತ್ತದೆ. ಬೆರಳಿಗೆಂದು ಕೊರೆದ ತಗ್ಗುಗಳು ಬೇಡ, ಅವು ಯಾರದೋ ಬೆರಳಿನ ಅಳತೆ.

ಹಿಡಿ ಎಡಕ್ಕೊಂದು ಬಲಕ್ಕೊಂದು ಹಲಗೆಯಾಗಿ ಬರುತ್ತದೆ. ಎಡ ಹಲಗೆಯ ಮೇಲ್ಭಾಗ ಕೆತ್ತಿ ತಗ್ಗಿಸಿದೆಯೇ ಎಂದು ಚಿತ್ರದಲ್ಲೇ ಗಮನಿಸಿ. ಅದಿಲ್ಲದಿದ್ದರೆ ಸ್ಪೀಡ್‌ಲೋಡರ್ (ಎಲ್ಲ ತೋಟಾಗಳನ್ನೂ ಒಟ್ಟಿಗೆ ತುಂಬುವ ಸಾಧನ) ಓರೆಯಾಗಿ ನಿಲ್ಲುತ್ತದೆ, ಖಾಲಿ ತೋಟಾಗಳೂ ಮರಕ್ಕೆ ತಗುಲಿ ಸಿಕ್ಕಿಕೊಳ್ಳುತ್ತವೆ.

ಕೂರಿಸುವುದು ಅರ್ಧ ತಾಸಿನ ಕೆಲಸ. ಸಿಲಿಂಡರ್ ಹೊರತೆಗೆದು ಎಲ್ಲ ಕೋಣೆಗಳೂ ಖಾಲಿ ಎಂದು ಕಣ್ಣಾರೆ ನೋಡಿ. ತಿರುಪಿನ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್ ಬಳಸಿ. ತಿರುಪನ್ನು ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ ಅದರ ತಲೆಯನ್ನು ಒತ್ತಿ. ಆಚೆ ಬದಿಯ ಹಲಗೆ ತಾನಾಗಿ ಏಳುತ್ತದೆ. ಅಂಚಿಗೆ ಮೊನೆ ತೂರಿಸಿ ಮೀಟುವವರೇ ಅಂಚು ಮುರಿದುಕೊಳ್ಳುವುದು. ಉಕ್ಕಿನ ಬುಡದ ಅಡ್ಡಪಿನ್ ಹಲಗೆಯ ತೂತಿಗೆ ಕೂತ ಮೇಲೆ ಮಾತ್ರ ಬಿಗಿಯಿರಿ. ಸಂದು ಮುಚ್ಚಲಿ ಎಂದು ತಿರುಪಿನ ಬಲ ಹಾಕಿದರೆ ಮರ ಎಳೆಯುದ್ದಕ್ಕೂ ಸೀಳುತ್ತದೆ. ಅದರ ಬದಲು ಉಕ್ಕಿನ ಅಂಚಿಗೆ ತೆಳ್ಳಗೆ ಲಿಪ್‌ಸ್ಟಿಕ್ ಸವರಿ ಹಲಗೆ ಒತ್ತಿ ತೆಗೆಯಿರಿ. ಬಣ್ಣ ಅಂಟಿದ ಜಾಗ ಉಬ್ಬಿರುತ್ತದೆ, ಅಷ್ಟನ್ನೇ ಸಣ್ಣ ಅರದಿಂದ ಉಜ್ಜಿ.

ಹಿಡಿ ಕೂರಿಸಿದ ಮೇಲೆ ಟ್ರಿಗರ್ ದಿಢೀರನೆ ಭಾರವಾಯಿತೆ? ಕೆ ಫ್ರೇಮಿನ ಮುಖ್ಯ ಸ್ಪ್ರಿಂಗ್ ಚಪ್ಪಟೆ ಪಟ್ಟಿ, ಹ್ಯಾಮರ್ ಹಿಂದೆ ಸರಿದಂತೆ ಬಾಗುತ್ತದೆ. ಅದು ಹಲಗೆಗೆ ತಾಗುತ್ತಿರಬಹುದು. ಹಲಗೆಯ ಒಳಮೈಯಲ್ಲಿ ಉಜ್ಜಿದ ಗುರುತಿದ್ದರೆ ಅಲ್ಲಿ ತುಸು ಕೆರೆಯಬೇಕು.

ಮರದ ವಿಷಯ ಬೇಗ ಮುಗಿಯುತ್ತದೆ. ವಾಲ್ನಟ್ ಹಗುರ, ಉಜ್ಜಲು ಸುಲಭ, ಗೀರು ಬಿದ್ದರೂ ಎಣ್ಣೆಯಲ್ಲಿ ಮಾಯುತ್ತದೆ. ಬೀಟೆ ಜಾತಿಯವು ಗಟ್ಟಿ, ಆದರೆ ಸ್ವಂತ ಎಣ್ಣೆಯಂಶದಿಂದಾಗಿ ವಾರ್ನಿಷ್ ಸರಿಯಾಗಿ ಹಿಡಿಯದು. ಅದೇ ಜಾತಿಯ ಕೊಕೊಬೊಲೊ ಮರದ ಧೂಳು ಕೆಲವರ ಚರ್ಮಕ್ಕೆ ಅಲರ್ಜಿ, ಉಜ್ಜುವಾಗ ಮಾಸ್ಕ್, ಕೈಗವಸು ಇರಲಿ. ತೇವ ಹೆಚ್ಚಿರುವಲ್ಲಿ ರಾಳ ಹಾಕಿ ಪದರ ಒತ್ತಿದ ಲ್ಯಾಮಿನೇಟ್ ಬಾಗುವುದು ಕಡಿಮೆ. ನೋಡಲು ಪ್ಲೈವುಡ್ಡೇ, ಬಿಡಿ.

ಮಾರುಕಟ್ಟೆಯ ಬಹುತೇಕ ಹಿಡಿಗಳ ಒಳಮೈಗೆ ಲೇಪವೇ ಇರುವುದಿಲ್ಲ. ಒಂದು ಮೈ ತೇವ ಹೀರಿ ಇನ್ನೊಂದು ಹೀರದೆ ಹಲಗೆ ಬಾಗುವುದು ಇದರಿಂದಲೇ. ಬಂದೂಕಿನ ಎಣ್ಣೆಯೂ ಅಲ್ಲಿಂದಲೇ ಇಳಿದು ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಕೂರಿಸುವ ಮೊದಲೇ ಒಳಮೈಗೂ ಟಂಗ್ ಎಣ್ಣೆಯ (ಒಣಗಿ ಗಟ್ಟಿಯಾಗುವ ಬೀಜದ ಎಣ್ಣೆ) ಎರಡು ತೆಳು ಲೇಪ ಕೊಟ್ಟು ಚೆನ್ನಾಗಿ ಒಣಗಿಸಿ. ನಳಿಗೆ ತೊಳೆಯುವಾಗ ಹಿಡಿ ಬಿಚ್ಚಿಡಿ. ತೊಳೆಯುವ ದ್ರಾವಕ ತಗುಲಿದರೆ ಹೊರಗಿನ ಲೇಪ ಏಳುತ್ತದೆ. ತಿರುಪಿನ ಸುತ್ತಲಿನ ಹಿತ್ತಾಳೆ ಬಳೆ ಸಡಿಲವಾದರೆ ಒಂದು ಹನಿ ಎಪಾಕ್ಸಿ ಸಾಕು, ಹೊಸ ಹಿಡಿ ಬೇಕಿಲ್ಲ.