ಕರೆಂಟು ಅಳೆಯಲು ಬರುವವರಿದ್ದಾರೆ, ಮೊದಲು ನಿಮ್ಮ ಬಿಲ್ಲು ತೆಗೆದಿಟ್ಟುಕೊಳ್ಳಿ

ಪೋರ್ಟಬಲ್ ಮೀಟರು ಕೂರಿಸಿ ನಿಮ್ಮ ವಿದ್ಯುತ್ ಬಳಕೆಯನ್ನು ದಾಖಲಿಸಿಕೊಡುತ್ತೇವೆ, ಬಿಲ್ಲು ಇಳಿಸುವ ದಾರಿ ತೋರಿಸುತ್ತೇವೆ ಎಂದು ಬರುವ ಏಜೆನ್ಸಿಗಳ ವಿಷಯದಲ್ಲಿ ಮಿಲ್ಲು, ವರ್ಕ್‌ಶಾಪು, ಕೋಲ್ಡ್ ಸ್ಟೋರೇಜ್ ನಡೆಸುವವರು ಸ್ವಲ್ಪ ಹುಷಾರಾಗಿರಬೇಕು. ಎಲ್ಲರೂ ಮೋಸಗಾರರೆಂದು ಹೇಳುತ್ತಿಲ್ಲ. ಆದರೆ ಅಳೆಯುವವನೇ ಮಾರುವವನೂ ಆಗಿದ್ದರೆ ಅಳತೆ ತಪ್ಪಿದಾಗ ಅವನಿಗೆ ಲಾಭವೇ ಹೊರತು ನಷ್ಟವಿಲ್ಲ. ಗಂಗಾವತಿ ಹತ್ತಿರದ ನಮ್ಮ ರೈಸ್ ಮಿಲ್ಲಿನಲ್ಲಿ ಆದದ್ದೂ ಅದೇ. ಏಜೆನ್ಸಿಯ ಹೆಸರು ಬೇಡ, ಅವರ ಕೆಲಸದ ರೀತಿಯನ್ನಷ್ಟೇ ಹೇಳುತ್ತೇನೆ.

ನಮ್ಮದು ಎಲ್‌ಟಿ (ಕಡಿಮೆ ವೋಲ್ಟೇಜಿನ) ಸಂಪರ್ಕ. ಹಲ್ಲರ್, ಪಾಲಿಷರ್, ಎಲಿವೇಟರ್, ಬ್ಲೋವರ್ ಎಲ್ಲ ಓಡುತ್ತಿದ್ದರೆ ಸುಮಾರು 60 ಕಿಲೋವ್ಯಾಟ್ ಲೋಡ್. ಅಳತೆಗೆಂದು ಒಂದಿಷ್ಟು ಮುಂಗಡ ಕೊಡಿ, ಮುಂದೆ ಕೆಪಾಸಿಟರ್ ಪ್ಯಾನೆಲ್ (ಕೆಲಸಕ್ಕೆ ಬಾರದ ಕರೆಂಟಿನ ಎಳೆತ ತಗ್ಗಿಸುವ ಸಾಧನ) ನಮ್ಮಲ್ಲೇ ಕೊಂಡರೆ ಅದರಲ್ಲಿ ಮುರಿದುಕೊಳ್ಳುತ್ತೇವೆ ಎಂಬುದು ಅವರ ಮಾತು.

ಮೀಟರು ಕೂರಿಸಲು ಬಂದವನು ಇನ್ನೂ ಚಿಕ್ಕ ಹುಡುಗ. ಕಾಲಲ್ಲಿ ರಬ್ಬರ್ ಚಪ್ಪಲಿ, ಕೈಗೆ ಗ್ಲೌಸ್ ಇಲ್ಲ. ಹತ್ತು ನಿಮಿಷ ಮಿಲ್ಲು ನಿಲ್ಲಿಸೋಣವೇ ಎಂದು ನಮ್ಮ ಎಲೆಕ್ಟ್ರಿಷಿಯನ್ ಕೇಳಿದರೆ "ಬೇಡ ಸಾರ್, ದಿನಾ ಮಾಡುತ್ತೇನೆ" ಎಂದು 415 ವೋಲ್ಟ್ ಹರಿಯುತ್ತಿದ್ದ ಬಸ್‌ಬಾರಿನ (ಕರೆಂಟು ಹಂಚುವ ಲೋಹದ ಪಟ್ಟಿಯ) ನಟ್ಟುಗಳಿಗೆ ಕ್ಲಿಪ್ಪು ಕಚ್ಚಿಸಲು ಶುರುಮಾಡಿದ. ಆ ನಟ್ಟುಗಳ ಮೇಲೆಲ್ಲ ತೌಡಿನ ಧೂಳು. ಹಳದಿ ಫೇಸಿನ ಕ್ಲಿಪ್ಪು ಒಮ್ಮೆ ಜಾರಿ, ಪಕ್ಕದ ಬಾರಿಗೆ ಒಂದು ಬೆರಳಿನಷ್ಟು ದೂರದಲ್ಲಿ ನೇತಾಡಿತು. ವೋಲ್ಟೇಜ್ ವೈರುಗಳಲ್ಲಿ ಫ್ಯೂಸ್ ಇರಲಿಲ್ಲ. ಕೊನೆಗೆ ವೈರುಗಳು ಹೊರಗೆ ಬಂದಿದ್ದರಿಂದ ಪ್ಯಾನೆಲ್ಲಿನ ಬಾಗಿಲು ಮುಚ್ಚಲಾಗದೆ ಗೋಣಿ ಹೊಲಿಯುವ ದಾರದಿಂದ ಕಟ್ಟಿ ಹೋದ. ಹಮಾಲರು ಮೂಟೆ ಹೊತ್ತು ಓಡಾಡುವ ಜಾಗ ಅದು. ಅವನು ಹೋದ ಮೇಲೆ ನಾವೇ ಅಲ್ಲಿ ಹಲಗೆ ಅಡ್ಡ ಇಟ್ಟೆವು.

ವರದಿ ಮಾತ್ರ ಬಹಳ ಚೆನ್ನಾಗಿತ್ತು. ಬಣ್ಣದ ಗ್ರಾಫುಗಳು, ದಪ್ಪ ಹಾಳೆ, ಸುರುಳಿ ಬೈಂಡಿಂಗ್. ಸರಾಸರಿ ಪವರ್ ಫ್ಯಾಕ್ಟರ್ (ಎಳೆದ ಒಟ್ಟು ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 0.31 ಎಂದು ಕೆಂಪಕ್ಷರದಲ್ಲಿ ಹಾಕಿ, 60 ಕೆವಿಎಆರ್‌ನ (ಇದು ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಕೆಪಾಸಿಟರ್ ಪ್ಯಾನೆಲ್ ತಕ್ಷಣ ಬೇಕು ಎಂದು ಕೊಟೇಶನ್ ಲಗತ್ತಿಸಿದ್ದರು. ಅದೇ ತಿಂಗಳ ವಿದ್ಯುತ್ ಬಿಲ್ಲಿನಲ್ಲಿ ಅಚ್ಚಾಗಿದ್ದ ಪವರ್ ಫ್ಯಾಕ್ಟರ್ 0.92! ಯೂನಿಟ್ಟಿನ ಕಥೆಯೂ ಅಷ್ಟೇ. ಎಂಟು ಗಂಟೆಯ ಪಾಳಿಗೆ ಬಿಲ್ಲಿನ ಮೀಟರು 480ರ ಆಸುಪಾಸು ಓಡಿದರೆ ಇವರ ಮೀಟರಿನಲ್ಲಿ 160.

ಫೋನ್ ಮಾಡಿದಾಗ "ನಮ್ಮದು ಹೊರದೇಶದ ಮೀಟರು ಸಾರ್, ತಪ್ಪುವ ಮಾತೇ ಇಲ್ಲ" ಎಂಬ ಉತ್ತರ ಬಂತು. ಮೀಟರು ತಪ್ಪಿರಲಿಲ್ಲ ನಿಜ. ನಮ್ಮ ಎಲೆಕ್ಟ್ರಿಷಿಯನ್ ವರದಿಯ ಹಿಂಭಾಗದ ಕೋಷ್ಟಕ ತೆಗೆದು ನೋಡಿದರೆ ಆರ್, ವೈ, ಬಿ ಎಂಬ ಮೂರು ಫೇಸುಗಳಲ್ಲಿ ಬಿ ಫೇಸಿನ ಕಿಲೋವ್ಯಾಟ್ ಸಾಲಿನ ಉದ್ದಕ್ಕೂ ಮೈನಸ್ ಚಿಹ್ನೆ. ನಮ್ಮ ಮಾಳಿಗೆಯ ಮೇಲೆ ಸೋಲಾರ್ ಇಲ್ಲ. "ಹಾಗಾದರೆ ಬಿ ಫೇಸಿನಲ್ಲಿ ನಾವೇ ಸರಕಾರಕ್ಕೆ ಕರೆಂಟು ಮಾರುತ್ತಿದ್ದೇವೆಯೇ?" ಎಂದು ಅವರು ಕೇಳಿದಾಗ ಆ ಕಡೆಯಿಂದ ಮಾತಿಲ್ಲ.

ಆದದ್ದಿಷ್ಟೇ. ಕರೆಂಟು ಅಳೆಯಲು ಕೇಬಲ್ಲಿಗೆ ಹಾಕುವ ಕ್ಲ್ಯಾಂಪಿನ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಅದು ಲೋಡಿನ ಕಡೆಗೆ ಮುಖ ಮಾಡಿರಬೇಕು. ಮೂರರಲ್ಲಿ ಒಂದನ್ನು ಹುಡುಗ ತಿರುವುಮುರುವಾಗಿ ಹಾಕಿದ್ದ. ಫೇಸಿಗೆ 20ರಂತೆ 60 ಆಗಬೇಕಾದ ಜಾಗದಲ್ಲಿ 20 ಕೂಡಿಸು 20 ಕಳೆ 20, ಉಳಿದದ್ದು 20 ಕಿಲೋವ್ಯಾಟ್. ಕೆವಿಎ ಲೆಕ್ಕದಲ್ಲಿ ಆ ಮೀಟರು ದಿಕ್ಕು ನೋಡದೆ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿ ಕೂಡಿಸುವುದರಿಂದ ಅದು ಮಾತ್ರ ಪೂರ್ತಿ 65 ಬಂತು. ಇಪ್ಪತ್ತನ್ನು ಅರವತ್ತೈದರಿಂದ ಭಾಗಿಸಿದರೆ ಅದೇ ಕೆಂಪಕ್ಷರದ 0.31. ಸರಿಯಾಗಿ ಲೆಕ್ಕ ಹಾಕಿದರೆ 0.92ರಿಂದ 0.98ಕ್ಕೆ ಏರಲು ನಮಗೆ ಬೇಕಾದದ್ದು 14 ಕೆವಿಎಆರ್, ಅದೂ ತೀರಾ ಅಗತ್ಯವೇನಲ್ಲ. ಬೇಡದ ಕಡೆ 60 ತಂದು ಜೋಡಿಸಿದ್ದರೆ, ಲೋಡ್ ಕಡಿಮೆ ಇದ್ದಾಗ ಪವರ್ ಫ್ಯಾಕ್ಟರ್ ಲೀಡಿಂಗ್ ಕಡೆಗೆ (ವೋಲ್ಟೇಜಿಗಿಂತ ಕರೆಂಟು ಮುಂದಾಗುವ ಕಡೆಗೆ) ಹೊರಳಿ ವೋಲ್ಟೇಜ್ ಏರುವ ತಲೆನೋವು ಬೇರೆ.

ಬಾಣ ಸರಿಯಿದ್ದರೂ ನೆಮ್ಮದಿಯಿಂದ ಕೂರುವಂತಿಲ್ಲ. ವೈ ಫೇಸಿನ ಕ್ಲ್ಯಾಂಪನ್ನು ಬಿ ಕೇಬಲ್ಲಿಗೂ ಬಿ ಫೇಸಿನದನ್ನು ವೈ ಕೇಬಲ್ಲಿಗೂ ಅದಲುಬದಲು ಮಾಡಿದರೆ, ಮೂರು ಫೇಸ್ ಸಮವಾಗಿರುವ ಲೋಡಿನಲ್ಲಿ ಒಟ್ಟು ಕಿಲೋವ್ಯಾಟ್ ಹತ್ತಿರಹತ್ತಿರ ಸೊನ್ನೆ ತೋರಿಸುತ್ತದೆ. ಒಂದೇ ಫೇಸಿಗೆ ಎರಡು ಕೇಬಲ್ ಎಳೆದಿರುವ ಕಡೆ ಒಂದನ್ನು ಮಾತ್ರ ಸುತ್ತಿದರೆ ಅರ್ಧ ಲೋಡ್ ಮಾಯ. ಕ್ಲ್ಯಾಂಪಿನ ಬದಲು ಹಗ್ಗದಂತೆ ಬಳುಕುವ ಕಾಯಿಲು ಸುತ್ತಿದರೆ ಅದರ ಕೊಂಡಿ ಪೂರ್ತಿ ಕೂತಿರಬೇಕು. ಅದರ ರೇಂಜು 3000 ಆಂಪಿಯರಿಗೆ ಇಟ್ಟು ನಮ್ಮಂಥವರ 90 ಆಂಪಿಯರ್ ಅಳೆದರೆ ಬರುವ ಅಂಕಿಯ ನಿಖರತೆ ಅಷ್ಟಕ್ಕಷ್ಟೇ. ಪ್ಯಾನೆಲ್ಲಿನೊಳಗಿನ ಸಿಟಿಯ (ದೊಡ್ಡ ಕರೆಂಟನ್ನು ಅಳೆಯಲು ತಗ್ಗಿಸಿಕೊಡುವ ಟ್ರಾನ್ಸ್‌ಫಾರ್ಮರಿನ) 5 ಆಂಪಿಯರ್ ವೈರಿಗೇ ಕ್ಲ್ಯಾಂಪು ಹಾಕುವವರಿದ್ದಾರೆ. ಆಗ ಸಿಟಿ ಅನುಪಾತವನ್ನು ಮೀಟರಿನಲ್ಲಿ ತುಂಬಬೇಕು, 200/5 ಆದರೆ 40 ಪಟ್ಟು. ಆ ವೈರನ್ನು ಬಿಚ್ಚಲು ಹೊರಟರೆ ಮಾತ್ರ ತಕ್ಷಣ ತಡೆಯಿರಿ. ಲೋಡ್ ಇರುವಾಗ ಸಿಟಿಯ ಸೆಕೆಂಡರಿ (ಆ ವೈರು ಹೊರಡುವ ಕಡೆ) ತೆರೆದುಕೊಂಡರೆ ಅಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಏಳುತ್ತದೆ.

ಗಡಿಯಾರವನ್ನೂ ಅವನು ನೋಡಿರಲಿಲ್ಲ. ಗ್ರಾಫಿನಲ್ಲಿ ನಮ್ಮ ಮಧ್ಯಾಹ್ನ ಒಂದು ಗಂಟೆಯ ಊಟದ ಬಿಡುವು ಬೆಳಗಿನ ಏಳೂವರೆಗೆ ಬಿದ್ದಿತ್ತು. ಮೀಟರು ಗ್ರೀನಿಚ್ ಸಮಯದಲ್ಲೇ ಇತ್ತು, ಭಾರತದ ಐದೂವರೆ ಗಂಟೆ ಸೇರಿಸಿರಲಿಲ್ಲ. ಹೊತ್ತಿಗೊಂದು ದರ ಇರುವ ಗ್ರಾಹಕರಿಗೆ ಇಂಥ ಗ್ರಾಫಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಆದ್ದರಿಂದ ಮೀಟರು ಕೂರಿಸಿದವನನ್ನು ಹಾಗೆಯೇ ಹೋಗಲು ಬಿಡಬೇಡಿ. ಮಿಲ್ಲು ಓಡುತ್ತಿರುವಾಗ ಪರದೆಯ ಮೇಲೆ ಮೂರೂ ಫೇಸಿನ ಕಿಲೋವ್ಯಾಟ್ ತೋರಿಸಲು ಹೇಳಿ. ಮೂರೂ ಪ್ಲಸ್ ಇರಬೇಕು, ಒಂದಕ್ಕೊಂದು ಹತ್ತಿರವಿರಬೇಕು. ಅದರ ಫೋಟೋ ತೆಗೆದಿಟ್ಟುಕೊಂಡು, ಒಂದು ಗಂಟೆಯ ಯೂನಿಟ್ಟನ್ನು ಬಿಲ್ಲಿನ ಮೀಟರಿನ ಜೊತೆ ತಾಳೆ ನೋಡಿ. ವರದಿಯ ಜೊತೆಗೆ ಮೂಲ ದತ್ತಾಂಶದ ಫೈಲನ್ನೂ ಕೊಡಬೇಕೆಂದು ಮುಂಗಡಕ್ಕೆ ಮೊದಲೇ ಬರೆಸಿಕೊಳ್ಳಿ. ಒಂದು ಕ್ಲ್ಯಾಂಪು ತಿರುಗಿದ್ದಷ್ಟೇ ತಪ್ಪಾದರೆ, ಆ ಫೇಸಿನ ಮೈನಸ್ಸನ್ನು ಪ್ಲಸ್ ಮಾಡಿ ಕಂಪ್ಯೂಟರಿನಲ್ಲೇ ಲೆಕ್ಕ ಸರಿಪಡಿಸಬಹುದು, ಮತ್ತೆ ಅಳೆಯಬೇಕಾಗಿಲ್ಲ. ನಮಗೆ ಆ ಫೈಲು ಕೊಡಲು ಅವರು ಒಪ್ಪಲಿಲ್ಲ, ಅದು ಕಂಪನಿಯ ಸ್ವತ್ತಂತೆ.

ಮುಂಗಡ ವಾಪಸ್ ಕೇಳಿದ್ದಕ್ಕೆ ಪರಿಷ್ಕೃತ ಕೊಟೇಶನ್ ಬಂದಿದೆ. 60ರ ಬದಲು 50 ಕೆವಿಎಆರ್, ಹಬ್ಬದ ರಿಯಾಯಿತಿ ಸೇರಿ.